ಎಂಬತ್ತೇಳರ ಪಕ್ಕದ ಗೆರೆ

ನಾಲ್ಕನೆಯ ಸಲ ಎಣಿಸಿದಾಗಲೂ ಆ ಮರದ ಬಿಲ್ಲೆಯಲ್ಲಿ ಸೋದರಮಾವನ ಲೆಕ್ಕಕ್ಕಿಂತ ಒಂದು ಉಂಗುರ ಕಡಿಮೆಯೇ ಬಂತು. ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು.

ಅವಳೂ ಮಾವನೂ ದುಡಿಯುವ ಕಚೇರಿಯ ಕೆಲಸವೇ ಅದು. ಉರುಳಿದ ಹಳೆಯ ಮರಗಳನ್ನು ಅಡ್ಡ ಕೊಯ್ದು, ಉಪ್ಪುಕಾಗದದಿಂದ ಉಜ್ಜಿ ನಯಗೊಳಿಸಿ, ತೊಗಟೆಯಿಂದ ಒಳಕ್ಕೆ ವರ್ಷ ಎಣಿಸುವುದು. ಅಗಲದ ಉಂಗುರವಾದರೆ ಒಳ್ಳೆಯ ಮಳೆ, ಕೂದಲೆಳೆಯಷ್ಟಾದರೆ ಬರ. ಇಬ್ಬರು ಬೇರೆಬೇರೆಯಾಗಿ ಎಣಿಸಿ, ಆಮೇಲೆ ತಾಳೆ ನೋಡಿ ಸಹಿ ಹಾಕಬೇಕು. ಕುರ್ಚಿ ಕೊಟ್ಟರೂ ಕೂರುವ ಮೊದಲು ಅದರ ವಯಸ್ಸು ವಿಚಾರಿಸುವ ಮನುಷ್ಯ ಎಂದು ಮಾವನ ಬಗ್ಗೆ ಅಲ್ಲಿ ತಮಾಷೆ. ಈ ಬಿಲ್ಲೆಯನ್ನು ನಂಬಿಕೊಂಡೇ ಅವರು ಸೀಮೆಯ ಹಳೆಯ ಬರಗಳ ಪುಸ್ತಕ ಬರೆದು ಹೆಸರು ಮಾಡಿದ್ದರು. ನಾಡಿದ್ದು ಅವರ ನಿವೃತ್ತಿ. ಹರಿದ ಹಳೆಯ ಲೆಕ್ಕದ ಹಾಳೆಯ ಬದಲು ಹೊಸದಕ್ಕೆ ಎರಡನೆಯ ಸಹಿ ಬೇಕಿತ್ತು, ಅದು ಇವಳ ಪಾಲಿಗೆ ಬಂದಿತ್ತು.

ತಪ್ಪಿದ್ದದ್ದು ಎಂಬತ್ತೇಳನೆಯ ಉಂಗುರದಲ್ಲಿ. ಆ ವರ್ಷ ಮಳೆ ನಡುವೆ ಕೈಕೊಟ್ಟು ಮರದ ಬೆಳವಣಿಗೆ ನಿಂತಿತ್ತು. ಮತ್ತೆ ಮಳೆ ಹಿಡಿದಾಗ ಬೆಳೆದಿತ್ತು. ಹಾಗಾಗಿ ಒಂದೇ ವರ್ಷಕ್ಕೆ ಎರಡು ಗೆರೆ. ವರ್ಷದ ನಿಜವಾದ ಗೆರೆ ಚಾಕುವಿನಲ್ಲಿ ಕೊರೆದಂತಿರುತ್ತದೆ, ಇದೋ ಎರಡೂ ಬದಿಗೆ ಮಸುಕು. ಮಾವ ಅದನ್ನೂ ಒಂದು ವರ್ಷವೆಂದು ಎಣಿಸಿದ್ದರು. ಅಲ್ಲಿಂದ ಒಳಗಿನ ಹಳೆಯ ಬರಗಳೆಲ್ಲ ಪುಸ್ತಕದಲ್ಲಿ ಒಂದು ವರ್ಷ ಹಿಂದಕ್ಕೆ ಸರಿದುಬಿಟ್ಟಿದ್ದವು.

ಮಾವ ಒಳಗೆ ಬಂದು ಬಾಗಿಲು ಹಾಕಿಕೊಂಡರು. "ಆಯ್ತೇನೇ? ಸಹಿ ಹಾಕು, ಬೈಂಡ್ ಮಾಡೋನು ಕಾಯ್ತಿದ್ದಾನೆ."

"ಮಾವ, ಎಂಬತ್ತೇಳರ ಹತ್ರ ಇರೋದು ಎರಡು ವರ್ಷ ಅಲ್ಲ. ಒಂದೇ."

ಅವರು ಬೆಚ್ಚಲಿಲ್ಲ. ಅದನ್ನು ಕಂಡು ಅವಳೇ ಬೆಚ್ಚಿದಳು.

"ನಿಮ್ಮಮ್ಮನೂ ಇದೇ ಹೇಳಿದ್ಲು. ಅಷ್ಟೊತ್ತಿಗೆ ಪುಸ್ತಕ ಅಚ್ಚಿಗೆ ಹೋಗಿತ್ತು. ಕೈಮುಗಿದು ಕೇಳ್ಕೊಂಡೆ. ಸಹಿ ಹಾಕಿದ್ಲು."

ಹಳೆಯ ಹಾಳೆಯಲ್ಲಿ, ಆಗ ಇದೇ ಕಚೇರಿಯಲ್ಲಿ ಉಂಗುರ ಎಣಿಸುತ್ತಿದ್ದ ಅಮ್ಮನ ಸಹಿಯಿತ್ತು. ಬೆಳಗಿನಿಂದ ಅದನ್ನು ನೋಡಿ ನೋಡಿ ಹಿಗ್ಗಿದ್ದವಳು ಈಗ ಹಾಳೆಯನ್ನು ಮಗುಚಿಟ್ಟಳು. ಆದರೆ ಅಮ್ಮ ಹೋದ ಮೇಲೆ ಸಾಕಿ, ಓದಿಸಿ, ಈ ಸ್ಟೂಲಿನ ಮೇಲೆ ಕೂರಿಸಿದವರು ಇದೇ ಮಾವ. ಅವಳು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

"ಮೂವತ್ತು ವರ್ಷ ನನ್ನ ಮಾತು ನಂಬಿದ್ದಾರೆ ಕಣೇ. ನಾಡಿದ್ದು ಮನೆಗೆ ಹೋಗೋ ಮುದುಕನ ಮಾನ ಕಳೀಬೇಡ."

"ಹಂಗಾದ್ರೆ ನೀವೇ ಇನ್ನೊಂದ್ಸಲ ಎಣಿಸಿ ಮಾವ, ಬಾಯಿಬಿಟ್ಟು. ಎಂಬತ್ತೇಳರ ಪಕ್ಕದ ಗೆರೆಗೆ ನೀವು ಎಂಬತ್ತೆಂಟು ಅಂದ್ರೆ ನಾನು ಸಹಿ ಹಾಕ್ತೀನಿ. ಅಮ್ಮನಾಣೆ."

ಮಾವ ಸ್ಟೂಲು ಎಳೆದು ಕುಳಿತು, ಕನ್ನಡಕ ತೆಗೆದಿಟ್ಟು, ಸೂಜಿ ಹಿಡಿದು ತೊಗಟೆಯಿಂದ ಶುರು ಮಾಡಿದರು. ಎಣಿಸುವಾಗ ಧೂಳಾಡಬಾರದೆಂದು ಬಾಗಿಲು ತೆಗೆಯುವಂತಿಲ್ಲ. ಅವಳು ಗೋಡೆಗೊರಗಿ ನಿಂತಳು. ಬಾಯಿ ತಪ್ಪಿ ಆಣೆ ಇಟ್ಟಾಗಿತ್ತು, ಅವರು ಎಂಬತ್ತೆಂಟು ಎಂದರೆ ಸುಳ್ಳಿಗೆ ಸಹಿ ಹಾಕಲೇಬೇಕಿತ್ತು. ಎಪ್ಪತ್ತು ದಾಟುವಷ್ಟರಲ್ಲಿ ಮಾವನ ದನಿ ಕುಗ್ಗಿತು.

"ಎಂಬತ್ತಾರು. ಎಂಬತ್ತೇಳು."

ಸೂಜಿ ಪಕ್ಕದ ಗೆರೆಗೆ ಸರಿಯಿತು.

"ಎಂಬತ್ತೇಳು," ಎಂದರು ಮಾವ ಮತ್ತೆ. ಸೂಜಿ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.