ನಾಲ್ಕು ಖಾನೆಗಳ ಪೆಟ್ಟಿಗೆ

ಸಮೀಕ್ಷಾಳ ಬಾಯಿಂದ ಮಾತು ಹೊರಡಿಸುವುದೆಂದರೆ ಬತ್ತಿದ ಬೋರಿನಿಂದ ನೀರೆತ್ತಿದ ಹಾಗೆ ಎಂದು ಅವಳ ಅಪ್ಪನೇ ಹೇಳುತ್ತಿದ್ದರು. ಅವರು ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ನಾಸಿಕಕ್ಕೆ ಬಂದಾಗ ಅವಳಿಗೆ ಆರು ವರ್ಷ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಮೂರೂ ಬರುತ್ತಿದ್ದವು, ಮೂರರಲ್ಲೂ ಅವಳು ಸುಮ್ಮನಿರುತ್ತಿದ್ದಳು. ಕಂಪ್ಯೂಟರ್ ಪದವಿ ಮುಗಿದ ಮೇಲೆ ಧಾರವಾಡ ಕಡೆಯವನೇ ಆದ, ಕಾಲೇಜ್ ರೋಡಿನ ಅರವಿಂದನ ಕಂಪ್ಯೂಟರ್ ಸರ್ವಿಸ್ ಕಂಪನಿ ಸೇರಿದಳು. ಯಂತ್ರಗಳ ಜತೆ ಕೆಲಸ, ಜನರ ಜತೆ ಅಲ್ಲ ಎಂಬುದೇ ಅವಳಿಗೆ ದೊಡ್ಡ ಸಮಾಧಾನ.

ಜನವರಿಯ ಒಂದು ಸೋಮವಾರ ಅರವಿಂದ ಅವಳನ್ನು ಮೊದಲ ಸಲ ಒಬ್ಬಳನ್ನೇ ಸಂಭಾಜಿನಗರಕ್ಕೆ ಕಳಿಸಿದ. ಎದೆರೋಗದವರಿಗಾಗಿ ಒಂದು ಟ್ರಸ್ಟ್ ನಡೆಸುವ ಧರ್ಮಾರ್ಥ ದವಾಖಾನೆ. ಅಲ್ಲಿನ ಸರ್ವರಿನ ಹಳೆಯ ಆಪರೇಟಿಂಗ್ ಸಿಸ್ಟಂಗೆ ವಯಸ್ಸಾಗಿತ್ತು. ಅದನ್ನು ತೆಗೆದು ಹೊಸದು ಹಾಕಬೇಕು, ಅದಕ್ಕೆ ಬೇಕಾದ ಡ್ರೈವರ್‌ಗಳನ್ನು ಕೂಡಿಸಬೇಕು, ದವಾಖಾನೆಯ ನೆಟ್‌ವರ್ಕಿಗೆ ಜೋಡಿಸಿ ಸಂಜೆಯ ಬಸ್ಸಿಗೆ ವಾಪಸಾಗಬೇಕು.

ಬಸ್ಸು ಯೇವಲಾ ದಾಟುವುದರೊಳಗೆ ಅವಳು ಅರವಿಂದನಿಗೆ ಮೂರು ಸಲ ಫೋನ್ ಮಾಡಿದ್ದಳು. ಮೂರನೆಯ ಸಲಕ್ಕೆ ಅವನು ರೇಗಿದ.

"ಏನವಾ, ಪ್ರತಿ ಕ್ಲಿಕ್ಕಿಗೂ ನನ್ನ ಕೇಳ್ತೀಯೇನು? ನಾಳೆ ಮದವಿ ಆದ ಮ್ಯಾಲೂ ಸಾರಿಗೆ ಉಪ್ಪು ಹಾಕ್ಲ್ಯಾ ಅಂತ ಅತ್ತೀಗ ಫೋನ್ ಮಾಡ್ತಿ ನೀ. ಪೆಟ್ಟಿಗಿ ಮ್ಯಾಲೆ ನಾನ ಚೀಟಿ ಹಚ್ಚೀನಿ, ಯಾವ ಖಾನ್ಯಾಗ ಏನೈತಿ ಅಂತ. ಓದಿ ಮಾಡು. ಮತ್ತ ಹಳೇದರ ಮ್ಯಾಲ ಹೊಸಾದು ಹಾಕಬ್ಯಾಡ, ಪೂರ್ತಿ ಸೊನ್ನಿ ಬಳಿದು ಹಾಕು. ಇನ್ನ ಕೆಲಸ ಮುಗದಮ್ಯಾಲೇ ಫೋನು."

ಇನ್ನು ಕೇಳಬಾರದು ಎಂದು ಅವಳು ಅಲ್ಲೇ ನಿಶ್ಚಯಿಸಿಕೊಂಡಳು.

ದವಾಖಾನೆಯ ಸಿಪಾಯಿ ಗೋವಿಂದ ಅಕ್ಕಲಕೋಟೆಯ ಕಡೆಯವನು. ಅವಳ ಹೆಸರು ಕೇಳಿ, ಅಡ್ಡಹೆಸರು ಕೇಳಿ, ಕನ್ನಡದವಳೆಂದು ಗೊತ್ತಾದ ಕೂಡಲೇ ಬಾಯ್ತುಂಬ ನಕ್ಕು, ಮರಾಠಿ ರೂಢಿಯಂತೆ ಅಕ್ಕನೆಂದು ಕರೆದ. "ಬರ್ರಿ ತಾಈ, ಬರ್ರಿ. ಇಲ್ಲಿ ನನಗ ಮಾತಾಡಾಕ ಪೇಶಂಟ್ ಬಿಟ್ಟರ ಯಾರಿಲ್ಲ, ಅವ್ರೂ ಬರೀ ಕೆಮ್ಮತಾರ."

ಸರ್ವರ್ ಕೋಣೆಯೆಂದರೆ ಎಕ್ಸ್‌ರೇ ಕೋಣೆಯ ಪಕ್ಕದ ಒಂದು ಗೂಡು. ಅದರ ಬಾಗಿಲ ಹೊರಗಿನ ಬೆಂಚಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಗೋವಿಂದ ಅವಳಿಗೆ ಹೇಳಿದ, "ಮಲಕವ್ವಾ, ಇವತ್ತ ಮಶೀನ ಬಂದ್ ಐತಿ. ಈ ತಾಈ ಹೊಸಾದ ಹಾಕಾಕ ಬಂದಾರ. ಮಧ್ಯಾಹ್ನದ ಮ್ಯಾಲ ನಿನ್ನ ಗಂಡನ ಎದಿಯ ಹಳೇ ಫೋಟೋ ಹುಡುಕಿ ಕೊಡ್ತಾರ ಡಾಕ್ಟರು. ಕೂಡು."

"ಕೂಡ್ತೀನಿ. ಗುರುವಾರ ಮಟ ಕೂಡಂದ್ರೂ ಕೂಡ್ತೀನಿ," ಎಂದಳು ಆಕೆ.

ಸರ್ವರ್ ಒಂದು ಕರಿಯ ಕಬ್ಬಿಣದ ಪೆಟ್ಟಿಗೆ. ಮುಂದೆ ನಾಲ್ಕು ಖಾನೆ, ಖಾನೆಗೊಂದು ಡಿಸ್ಕು, ನಾಲ್ಕೂ ಒಂದೇ ಅಳತೆಯವು. ಮೇಲೆ ಅರವಿಂದನ ಕೈಬರಹದ ಚೀಟಿ: ಒಂದು ಮತ್ತು ಎರಡು, ಸಿಸ್ಟಂ, ಮೂರು ಮತ್ತು ನಾಲ್ಕು, ಎಕ್ಸ್‌ರೇ. ಜೋಡಿಯಲ್ಲಿ ಒಂದು ಡಿಸ್ಕಿನಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತದೆ, ಒಂದು ಸತ್ತರೆ ಇನ್ನೊಂದು ಇರಲಿ ಎಂದು. ನಾಲ್ಕೂ ಡಿಸ್ಕುಗಳ ಹಿಡಿಗಳ ಮೇಲೆ ಒಣಗಿದ ಅರಿಶಿನ ಕುಂಕುಮದ ಬೊಟ್ಟು. ಅಪ್ಪನ ಬ್ಯಾಂಕಿನಲ್ಲೂ ಖಂಡೇ ನವಮಿಯ ಆಯುಧಪೂಜೆಗೆ ಕಂಪ್ಯೂಟರುಗಳಿಗೆ ಹೀಗೇ ಬೊಟ್ಟಿಡುತ್ತಾರೆ.

ಕೆಲಸದಲ್ಲಿ ಸಮೀಕ್ಷಾಳಿಗೆ ತನ್ನದೇ ಆದ ಒಂದು ರೂಢಿಯಿತ್ತು. ಇನ್‌ಸ್ಟಾಲ್ ಮಾಡುವ ಮುಂಚೆ ಜನರ ಮಾಹಿತಿ ಇರುವ ಡಿಸ್ಕುಗಳನ್ನು ಹೊರಗೆಳೆದು ಮೇಜಿನ ಮೇಲಿಟ್ಟುಬಿಡುವುದು. ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ಎಂಥ ಮಂಕನೂ ಅಳಿಸಲಾರ. ಇಂಥ ಎಚ್ಚರಿಕೆ ಅರವಿಂದನಿಗೂ ಇರಲಿಲ್ಲ. ಅದರ ಬಗ್ಗೆ ಅವಳಿಗೆ ಗುಟ್ಟಾದ ಒಂದು ಹೆಮ್ಮೆ. ಅವಳು ಪೆಟ್ಟಿಗೆ ಬಂದ್ ಮಾಡಿ, ಮೂರು ಮತ್ತು ನಾಲ್ಕನೆಯ ಖಾನೆಯ ಡಿಸ್ಕುಗಳನ್ನು ಎಳೆದು, ತನ್ನ ದುಪಟ್ಟಾದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

ಹೊಸ ಸಿಸ್ಟಂನ ಪೆನ್‌ಡ್ರೈವ್ ಚುಚ್ಚಿ ಪೆಟ್ಟಿಗೆ ಚಾಲೂ ಮಾಡಿದರೆ, ಡಿಸ್ಕೇ ಇಲ್ಲ ಎಂದಿತು ಪರದೆ. ಅದು ನಿರೀಕ್ಷಿತವೇ. ಡಿಸ್ಕುಗಳನ್ನು ಆಳುವ ಕಾರ್ಡು ಹಳೆಯದು, ಸಿಸ್ಟಂ ಹೊಸದು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ನಡುವಿನ ದುಭಾಷಿಯೇ ಡ್ರೈವರ್. ಅವಳು ಡ್ರೈವರಿನ ಫೋಲ್ಡರ್ ತೋರಿಸಿದಳು. ಮೊದಲನೆಯದನ್ನು ಅದು ಒಪ್ಪಲಿಲ್ಲ. ಎರಡನೆಯದನ್ನು ಒಪ್ಪಿತು. ಪರದೆಯ ಮೇಲೆ ಡಿಸ್ಕು ಮೂಡಿತು.

ಮೂಡಿದ್ದು ಒಂದೇ ಒಂದು ದೊಡ್ಡ ಭಾಗ, ಅಂಚಿನವರೆಗೆ ತುಂಬಿದ್ದು.

ಸಿಸ್ಟಂ ಇರುವ ಡಿಸ್ಕು ಹಾಗಿರುವುದಿಲ್ಲ. ಅದರಲ್ಲಿ ಮೂರೋ ನಾಲ್ಕೋ ಸಣ್ಣ ಪುಟ್ಟ ಭಾಗಗಳಿರುತ್ತವೆ. ಇದು ಅವಳಿಗೆ ಗೊತ್ತಿತ್ತು. ಅವಳ ಕೈ ಫೋನಿನವರೆಗೆ ಹೋಯಿತು. ಸಾರಿಗೆ ಉಪ್ಪು ಹಾಕಲೇ ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಚೀಟಿ ನೋಡಿದಳು, ಖಾನೆ ಎಣಿಸಿದಳು, ಒಂದು, ಎರಡು. ಸರಿಯಾಗೇ ಇದೆ. ಯಾರೋ ಹಿಂದಿನವರು ಹಾಗೆ ಮಾಡಿರಬೇಕು ಎಂದುಕೊಂಡು ಫೋನನ್ನು ಬ್ಯಾಗಿಗೆ ಹಾಕಿದಳು. ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ ಸೊನ್ನೆ ಬಳಿಯುವ ಆಜ್ಞೆ ಕೊಟ್ಟಳು. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದಳು.

ನೂರಕ್ಕೆ ಒಂದು. ನೂರಕ್ಕೆ ಎರಡು. ಒಂದೂವರೆ ತಾಸಿನ ಕೆಲಸ. ಗೂಡಿನಲ್ಲಿ ಸೆಖೆಯೆಂದು ಅವಳು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು.

"ಹೊಸಾ ಮಶೀನದಾಗ ಹಳೇ ಫೋಟೋ ಇರ್ತಾವಲ್ಲ ತಂಗಿ?" ಎಂದು ಮಲಕವ್ವ ಕೇಳಿದಳು.

"ಹ್ಞೂಂರಿ. ಅವನ್ನ ತಗದು ಬಾಜೂಕ ಇಟ್ಟೀನಿ."

ಮಾತಾಡಿದ್ದು ಮಲಕವ್ವನೇ, ಸಮೀಕ್ಷಾ ಕೇಳಿದಳು. ಸಿಂದಗಿ ಕಡೆಯವರು. ಹದಿನಾಲ್ಕು ವರ್ಷದಿಂದ ದೌಲತಾಬಾದಿನ ದಾರಿಯಿಂದ ಒಳಗಿರುವ ಖಡಿ ಮಶೀನಿನಲ್ಲಿ ಕಲ್ಲು ಪುಡಿ ಮಾಡುವ ಕೆಲಸ. ಗಂಡ ಚನಬಸಪ್ಪ ದೀಪಾವಳಿ ಕಳೆದ ಮೇಲೆ ತೀರಿಕೊಂಡ. ಬೇರೆಡೆಯ ಡಾಕ್ಟರು ಕಾಗದದ ಮೇಲೆ ಟೀಬಿ ಎಂದು ಬರೆದಿದ್ದ. ಈ ದವಾಖಾನೆಯಲ್ಲಿ ಶ್ರಾವಣದಲ್ಲಿ ಫೋಟೋ ತೆಗೆದಾಗ ಮಾತ್ರ, ಇದು ಟೀಬಿಯಲ್ಲ, ಕಲ್ಲಿನ ಧೂಳು ಎಂದಿದ್ದರು.

"ಟೀವಿಯೊಳಗ ನನಗೂ ತೋರಿಸಿದ್ರು. ಎದಿಯೊಳಗ ಜ್ವಾಳದ ಹಿಟ್ಟು ಚೆಲ್ಲಿದಂಗ ಇತ್ತು. ಆದ್ರ ನನ್ನ ಮಗ ಕಾಶೀನಾಥ ನಂಬಂಗಿಲ್ಲ. ಅವನೂ ಅದ ಖಡಿ ಮಶೀನದಾಗ ಅದಾನ, ಈಗ ಅವಂಗೂ ಕೆಮ್ಮು. ಕೆಲಸ ಬಿಡೋ ಅಂದ್ರ, ಅಪ್ಪಗ ಟೀಬಿ ಇತ್ತು, ನನಗೇನ ಆಗ್ತದ ಅಂತಾನ. ಫೋಟೋ ತಗಿಸ್ಕೋ ಅಂದ್ರ ಬೈತಾನ. ಕಡೀಕ ಒಂದ ಮಾತ ಅಂದ: ಗುರುವಾರ ದೊಡ್ಡ ಡಾಕ್ಟರ ಮಂಡಳಿ ಕೂಡ್ತದಂತ, ಅವ್ರು ಅಪ್ಪನ ಫೋಟೋ ನೋಡಿ ಧೂಳ ಅಂತ ಬರದ ಕೊಡ್ಲಿ, ಅವತ್ತ ಬಿಡ್ತೀನಿ ಅಂದ." ಅವಳು ಸೆರಗಿನ ತುದಿಯಿಂದ ಬಾಯೊರೆಸಿಕೊಂಡಳು. "ಅಷ್ಟ ನೋಡವಾ. ಹೋದಂವ ಹೋದ. ಇದ್ದಂವ ಉಳದ್ರ ಸಾಕು."

ಗೋಡೆಯ ಆಚೆ ಸೊನ್ನೆಗಳು ಬೀಳುತ್ತಲೇ ಇದ್ದವು.

ಎರಡೂವರೆಯ ಹೊತ್ತಿಗೆ ಹೊಸ ಸಿಸ್ಟಂ ಎದ್ದು ನಿಂತಿತ್ತು. ನೆಟ್‌ವರ್ಕ್ ಕಾರ್ಡಿಗೂ ಡ್ರೈವರ್ ಬೇಕಾಯಿತು, ಅದನ್ನೂ ಹಾಕಿದಳು. ಹಸಿರು ದೀಪ ಮಿನುಗಿತು. ದುಪಟ್ಟಾ ಬಿಚ್ಚಿ ಎರಡು ಡಿಸ್ಕುಗಳನ್ನು ಮೂರು ಮತ್ತು ನಾಲ್ಕನೆಯ ಖಾನೆಗೆ ನೂಕಿದಳು. ತೆರೆದಳು.

ಒಳಗಿದ್ದದ್ದು ಹಳೆಯ ಆಪರೇಟಿಂಗ್ ಸಿಸ್ಟಂ. ಅದರ ಫೋಲ್ಡರುಗಳು, ಅದರ ಡ್ರೈವರುಗಳು. ಎದೆಯ ಚಿತ್ರ ಒಂದೂ ಇರಲಿಲ್ಲ.

ಅವಳು ಮುಚ್ಚಿ ಮತ್ತೆ ತೆರೆದಳು. ಆಮೇಲೆ ಗೋವಿಂದನನ್ನು ಕರೆದಳು.

"ಇವನ್ನ ಯಾರಾದ್ರೂ ಹೊರಗ ತಗದಿದ್ರೇನ್ರಿ?"

"ನಾನ ತಗದಿದ್ದೆ, ಖಂಡೇ ನವಮಿಗೆ," ಎಂದ ಗೋವಿಂದ, ಹೆಮ್ಮೆಯಿಂದ. "ಬಂದ್ ಮಾಡೇ ತಗದೆ ಮತ್ತ, ಅಷ್ಟ ತಿಳೀದವ ಅಲ್ಲ ನಾ. ನಾಕೂ ವರಸಿ, ಬೊಟ್ಟ ಹಚ್ಚಿ, ಆರತಿ ಮಾಡಿ ವಾಪಸ್ ಇಟ್ಟೆ. ಮರುದಿವಸ ಚಾಲೂ ಮಾಡಿದ್ರ ಬೆಸ್ಟ್ ನಡೀತು."

ಇಟ್ಟದ್ದು ಅದಲುಬದಲಾಗಿ, ಆದರೂ ನಡೆದೇ ನಡೆಯುತ್ತದೆ. ಯಾವ ಡಿಸ್ಕು ಯಾವ ಖಾನೆಯಲ್ಲಿದೆ ಎಂಬುದರ ಚಿಂತೆ ಪೆಟ್ಟಿಗೆಗಿಲ್ಲ. ಅದು ಡಿಸ್ಕಿನ ಮೈಮೇಲಿನ ಗುರುತು ನೋಡಿ ಜೋಡಿ ಹಿಡಿಯುತ್ತದೆ. ಖಾನೆ ಎಣಿಸುವವರು ಮನುಷ್ಯರು.

ಅವಳ ಮುಖ ನೋಡುತ್ತ ಗೋವಿಂದನ ನಗು ಇಳಿಯಿತು. "ತಾಈ, ನನ್ನ ಹೆಸರ ಹೇಳಬ್ಯಾಡ್ರಿ," ಎಂದ, ಕೈ ಜೋಡಿಸಿ.

ಅವಳು ಅರವಿಂದನಿಗೆ ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡ. ಈ ಸಲ ಬೈಯಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು.

"ಪೂರ್ತಿ ಬಳಿದೀಯೇನು? ಹಂಗಾದ್ರ ಯಾರಪ್ಪ ಬಂದ್ರೂ ತಿರುಗಿ ಬರೂದಿಲ್ಲ. ಈಗ ನಾ ಹೇಳಿದಂಗ ಮಾಡು. ನೀ ಬಂದಾಗ ಡಿಸ್ಕು ಸತ್ತಿದ್ದು. ರಿಪೋರ್ಟಿನಾಗ ಅಷ್ಟ ಬರಿ. ಡಿಸ್ಕು ಸಾಯೂದ ಸಹಜ. ಹೆಂಗೂ ನೀ ಮಾತಾಡಾಕೀ ಅಲ್ಲ, ಇವತ್ತರೆ ಅದು ಉಪಯೋಗಕ್ಕ ಬರಲಿ."

ದವಾಖಾನೆಯ ಡಾಕ್ಟರ್ ಪ್ರಿಯಂವದಾ ಕೈ ಒರೆಸಿಕೊಳ್ಳುತ್ತ ಬಂದರು. "ಆಯಿತೇನಮ್ಮ?" ಎಂದು ಮರಾಠಿಯಲ್ಲಿ ಕೇಳಿದರು.

ಡಿಸ್ಕು ಸತ್ತಿತ್ತು ಎನ್ನಲು ಎರಡೇ ಪದ ಸಾಕಿತ್ತು. ಅವಳ ನಾಲಿಗೆಯ ಮೇಲೆ ಅವು ಇದ್ದವು. ಆದರೆ ಬಾಗಿಲಾಚೆ ಮಲಕವ್ವ ಎದ್ದು ನಿಂತು, ಹರಿದ ಪ್ಲಾಸ್ಟಿಕ್ ಚೀಲವೊಂದನ್ನು ಫೋಟೋ ಹಾಕಿಕೊಳ್ಳಲೆಂದು ಬಿಡಿಸುತ್ತಿದ್ದಳು.

"ನಾನು ಅಳಿಸಿಬಿಟ್ಟೆ ಮೇಡಂ," ಎಂದಳು ಸಮೀಕ್ಷಾ. "ಡಿಸ್ಕು ಚೆನ್ನಾಗಿತ್ತು. ಅನುಮಾನ ಬಂದಿತ್ತು, ಆದರೂ ಕೇಳಲಿಲ್ಲ."

ಡಾಕ್ಟರು ಕೂಗಾಡಲಿಲ್ಲ. ತಮ್ಮ ಕಪಾಟಿನಿಂದ, ಚಿತ್ರಗಳ ಇನ್ನೊಂದು ಪ್ರತಿ ಇಡುವ ಬ್ಯಾಕಪ್ಪಿನ ಡಿಸ್ಕು ತಂದುಕೊಟ್ಟರು. ಅದು ಹೋದ ಹೋಳಿಗೇ ತುಂಬಿಹೋಗಿತ್ತು. ಅಲ್ಲಿಂದೀಚೆಗೆ ದಿನಾ ಬೆಳಿಗ್ಗೆ ಪರದೆಯ ಮೇಲೆ ಜಾಗವಿಲ್ಲ ಎಂಬ ಸೂಚನೆ ಬರುತ್ತಿತ್ತಂತೆ. ಮುಂದೆ ಕೂತವರು ಅದನ್ನು ಮುಚ್ಚಿ ಕೆಲಸ ಶುರು ಮಾಡುತ್ತಿದ್ದರಂತೆ. ಚನಬಸಪ್ಪನ ಚಿತ್ರ ಶ್ರಾವಣದ್ದು. ಅದೂ ಅದರ ವರದಿಯೂ ಈಗ ಅಳಿಸಿದ ಡಿಸ್ಕಿನಲ್ಲಷ್ಟೇ ಇದ್ದವು.

"ನೀವು ನೋಡಿದ್ದಿರಲ್ಲ ಮೇಡಂ, ಮಂಡಳಿಗೆ ಒಂದು ಪತ್ರ..."

"ದಿನಕ್ಕೆ ಐವತ್ತು ಎದೆ ನೋಡುತ್ತೇನೆ. ನೆನಪಿಲ್ಲದ್ದನ್ನು ನೆನಪಿದೆ ಎಂದು ಹೇಗೆ ಬರೆಯಲಿ?" ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಅವಳಿಗೆ ನೀನೇ ಹೇಳು."

ಸಮೀಕ್ಷಾ ಹೇಳಿದಳು. ಮಲಕವ್ವ ಚೀಲ ಹಿಡಿದೇ ಕೇಳಿದಳು. ಮೊದಲು ಅರ್ಥವಾಗಲಿಲ್ಲ.

"ಬಾಜೂಕ ಇಟ್ಟೀನಿ ಅಂದೆಲ್ಲ?"

"ಬ್ಯಾರೇದ ಇಟ್ಟಿದ್ದೆರಿ. ತಪ್ಪಾತು."

"ಮತ್ತೊಮ್ಮೆ ತಗದ್ರಾತು..." ಎಂದು ಶುರುಮಾಡಿದವಳು ತಾನೇ ನಿಲ್ಲಿಸಿದಳು. ಚೀಲವನ್ನು ಮಡಚಿದಳು, ಮಡಚಿದ್ದನ್ನೇ ಮತ್ತೆ ಮಡಚಿದಳು. ಆಮೇಲೆ ಸಮೀಕ್ಷಾಳ ಮುಂಗೈ ಹಿಡಿದಳು. ಅವಳ ಅಂಗೈ ಉಸುಕಿನ ಕಾಗದದಂತೆ ಒರಟಾಗಿತ್ತು.

"ನಡಿ. ನನ್ನ ಮಗಗ ನೀನ ಹೇಳು. ನಾ ಹೇಳಿದ್ರ ಅವ್ವ ಕಥಿ ಕಟ್ಯಾಳ ಅಂತಾನ. ನೀ ಕಲತಾಕಿ."

ಇಬ್ಬರೂ ದೌಲತಾಬಾದಿನ ಕಡೆ ಹೋಗುವ ಜೀಪು ಹತ್ತಿದರು. ಇಳಿದು ಒಂದು ಮೈಲಿ ನಡೆದರು. ಹಾದಿಯ ಬದಿಯ ಜಾಲಿಗಿಡಗಳ ಎಲೆಗಳೆಲ್ಲ ಬೂದಿ ಬಣ್ಣ. ಖಡಿ ಮಶೀನಿನ ಸದ್ದು ಕಿವಿಗಿಂತ ಮೊದಲು ಎದೆಗೆ ಕೇಳಿಸಿತು. ಕಾಶೀನಾಥ ಮೇಸ್ತ್ರಿಯ ಕಣ್ಣು ತಪ್ಪಿಸಿ ಬಂದ. ಇಪ್ಪತ್ತಾರರ ಆಳು, ಹುಬ್ಬು, ರೆಪ್ಪೆ, ಕೂದಲೆಲ್ಲ ಬೆಳ್ಳಗಾಗಿ ಮುದುಕನ ಹಾಗಿದ್ದ.

ಅವಳು ಎಲ್ಲ ಹೇಳಿದಳು. ಇಡೀ ಬದುಕಿನಲ್ಲಿ ಒಬ್ಬ ಅಪರಿಚಿತನ ಎದುರು ಅಷ್ಟು ಮಾತು ಅವಳು ಆಡಿದ್ದೇ ಇಲ್ಲ. ಅವನು ಕೆಮ್ಮುತ್ತ ಕೇಳಿಸಿಕೊಂಡ.

"ಅಂದ್ರ ಫೋಟೋ ಇಲ್ಲ."

"ಇಲ್ರಿ. ಆದ್ರ ಇತ್ತು."

"ಇತ್ತು ಅಂತ ಯಾರ ಹೇಳ್ತಾರ? ನೀ ನೋಡೀಯೇನು?"

ಮಲಕವ್ವ ಅವಳನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿದ್ದದ್ದನ್ನು ಸಮೀಕ್ಷಾ ಓದಿದಳು. ಡಾಕ್ಟರ ಮುಂದೆ ಬಾರದ ಸುಳ್ಳು ಇಲ್ಲಿ ತಾನಾಗಿ ಬಂತು.

"ನೋಡೀನಿ," ಎಂದಳು. "ಎರಡೂ ಕಡೆ ಧೂಳು. ಎದಿಯೊಳಗ ಜ್ವಾಳದ ಹಿಟ್ಟು ಚೆಲ್ಲಿದಂಗ ಇತ್ತು."

ಕಾಶೀನಾಥ ಮೊದಲು ತಾಯಿಯ ಕಡೆ ನೋಡಿದ, ಆಮೇಲೆ ಇವಳ ಕಡೆ. ಸಿಟ್ಟಿರಲಿಲ್ಲ. ಕರುಣೆಯಂಥದ್ದು ಏನೋ ಇತ್ತು.

"ಜ್ವಾಳದ ಹಿಟ್ಟು ಅವ್ವನ ಮಾತು, ತಾಈ. ಶ್ರಾವಣದಿಂದ ಕೇಳಾಕತ್ತೀನಿ. ಮತ್ತ ಒಂದ ಹೇಳು. ಅಳಸೂಕಿಂತ ಮೊದಲ ನೋಡಿದ್ದಿ ಅಂದ್ರ, ಯಾಕ ಅಳಸ್ತಿದ್ದಿ?"



"ಏ ಕಾಶ್ಯಾ!" ಎಂದು ಮೇಲಿನಿಂದ ಮೇಸ್ತ್ರಿ ಕೂಗಿದ. ಕಾಶೀನಾಥ ಹೆಗಲ ಮೇಲಿನ ಟವೆಲ್ ಕೊಡವಿ ತಲೆಗೆ ಸುತ್ತಿಕೊಂಡ. "ಗುರುವಾರ ಮಂಡಳಿಗೆ ಬರಾಕ ರಜಾ ಹಾಕೂದಿಲ್ಲವಾ," ಎಂದು ತಾಯಿಗೆ ಹೇಳಿ, ಕಲ್ಲಿನ ಗುಡ್ಡೆ ಹತ್ತಿ ಹೋದ. ಮಶೀನಿನ ಬಾಯಿಗೆ ಹೊಸ ಲಾರಿ ಕಲ್ಲು ಸುರಿಯಿತು. ಮೇಲೆದ್ದ ಬಿಳಿ ಮೋಡ ಮೆಲ್ಲಗೆ ಇವರ ಕಡೆಗೇ ಹೊರಳಿತು.

ಸಮೀಕ್ಷಾ ಅಲ್ಲೇ ನಿಂತಿದ್ದಳು. ಮಲಕವ್ವ ತನ್ನ ಸೆರಗಿನ ಚುಂಗನ್ನು ಎಳೆದು ಅವಳ ಮುಖಕ್ಕೆ ಅಡ್ಡ ಹಿಡಿದಳು.

"ಮೂಗು ಮುಚ್ಚಿಕೋ ತಂಗಿ," ಎಂದಳು.