ಪಕ್ಕದವಳ ಪದ್ಯ

ಶಾಲೆಗೆ ಲ್ಯಾಪ್‌ಟಾಪ್ ಬಂದ ದಿನ ಆರನೇ ತರಗತಿಯ ಮೂವತ್ತೆರಡು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳು ಕುಣಿದಾಡಿದರು. ಒಬ್ಬಳ ಕೈಕಾಲು ಮಾತ್ರ ತಣ್ಣಗಾಯಿತು.

ಅವಳನ್ನು ಎಲ್ಲರೂ ಗೆಜ್ಜೆ ಎಂದೇ ಕರೆಯುತ್ತಿದ್ದರು. ಪಾಠ ಓದಲು ಎದ್ದು ನಿಂತಳೆಂದರೆ ದನಿ ಅಷ್ಟು ಇಂಪು, ಎಲ್ಲಿ ನಿಲ್ಲಿಸಬೇಕೋ ಅಲ್ಲಿಯೇ ನಿಲುಗಡೆ, ಎಲ್ಲಿ ಏರಬೇಕೋ ಅಲ್ಲಿಯೇ ಏರು. ಆ ಹೆಸರಿಟ್ಟವರು ಪದ್ಯದ ಟೀಚರ್. ಬೇರೆ ಶಾಲೆಯವರು ನೋಡಲು ಬಂದಾಗಲೆಲ್ಲ ಹಳೆಯ ಪಾಠವೊಂದನ್ನು ಓದಲು ಅವರು ಮೊದಲು ಎಬ್ಬಿಸುತ್ತಿದ್ದುದು ಗೆಜ್ಜೆಯನ್ನೇ.

ಗೆಜ್ಜೆಗೆ ಓದಲು ಬರುತ್ತಿರಲಿಲ್ಲ. ಇದು ಅವಳಿಗೆ ಗೊತ್ತಿತ್ತು, ದೇವರಿಗೆ ಗೊತ್ತಿತ್ತು; ಮೂರನೆಯವರಿಗೆ ಗೊತ್ತಿರಲಿಲ್ಲ.

ಅಕ್ಷರಗಳು ಅವಳ ಕಣ್ಣ ಮುಂದೆ ಒಂದರ ಕಾಲಿಗೆ ಒಂದು ತೊಡರಿ ಬೀಳುತ್ತಿದ್ದವು. ಹಿಡಿದೆ ಎನ್ನುವಷ್ಟರಲ್ಲಿ ಜಾಗ ಬದಲಿಸುತ್ತಿದ್ದವು. ಆದರೆ ಕಿವಿ ಬೇರೆಯೇ ಜಾತಿಯದು. ಬೆಳಗಿನ ಜಾವ ಅಜ್ಜಿ ಒಲೆಯ ಮುಂದೆ ಕೂತು ಹೇಳಿಕೊಳ್ಳುತ್ತಿದ್ದ ದೇವರ ಪದಗಳನ್ನು ನಡೆಯಲು ಕಲಿಯುವ ಮೊದಲೇ ಕಲಿತಿದ್ದವಳು. ಒಮ್ಮೆ ಕೇಳಿದರೆ ಅರ್ಧ ಬರುತ್ತಿತ್ತು, ಎರಡು ಸಲ ಕೇಳಿದರೆ ಪೂರ್ತಿ. ತರಗತಿಯಲ್ಲಿ ಒಂದೇ ಪಾಠವನ್ನು ಮೊದಲ ಬೆಂಚಿನಿಂದ ಓದಿಸುತ್ತ ಬರುವುದು ಪದ್ಧತಿ. ತಾನು ಕೂರುವ ನಾಲ್ಕನೇ ಬೆಂಚಿಗೆ ಸರದಿ ಬರುವಷ್ಟರಲ್ಲಿ ಗೆಜ್ಜೆಯೊಳಗೆ ಇಡೀ ಪಾಠ ಇಳಿದಿರುತ್ತಿತ್ತು. ಪುಸ್ತಕ ತೆರೆದು, ಬೆರಳಿಟ್ಟು, ಕಣ್ಣು ಓಡಿಸುತ್ತ ಹೇಳಿಬಿಡುತ್ತಿದ್ದಳು. ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿ ಅಕ್ಷರಗಳನ್ನು ಚಿತ್ರದಂತೆ ಬಿಡಿಸುತ್ತಿದ್ದಳು. ಹೇಗೋ ಪಾಸಾಗುವಷ್ಟು ಅಂಕ ಬರುತ್ತಿತ್ತು.

ಆ ಶಾಲೆಯಲ್ಲಿ ಒಂದು ಕ್ರಮವಿತ್ತು. ದೊಡ್ಡ ತರಗತಿಯ ಯಾರಿಗಾದರೂ ಓದಲು ಬರುವುದಿಲ್ಲ ಎಂದು ಗೊತ್ತಾದರೆ, ಅವರನ್ನು ದಿನದ ಅರ್ಧ ಹೊತ್ತು ಮೂರನೇ ತರಗತಿಯಲ್ಲಿ ಕೂರಿಸುತ್ತಿದ್ದರು. ಹೋದ ವರ್ಷ ಒಬ್ಬಳು ಎತ್ತರದ ಹುಡುಗಿ ಹಾಗೆ ಕೂತಿದ್ದಳು. ಮಂಡಿ ಬೆಂಚಿಗೆ ತಾಗಿ ಕಾಲನ್ನು ಹೊರಗೆ ಚಾಚಿರುತ್ತಿದ್ದಳು. ಪುಟಾಣಿಗಳು ಅವಳ ಕಾಲು ದಾಟಿ ದಾಟಿ ಆಟವಾಡುತ್ತಿದ್ದವು. ಕಿಟಕಿಯಿಂದ ಅದನ್ನು ಕಂಡ ದಿನದಿಂದ ಗೆಜ್ಜೆ ಆ ಕೋಣೆಯ ಮುಂದೆ ಹಾಯುವುದನ್ನೇ ಬಿಟ್ಟಿದ್ದಳು.

ಲ್ಯಾಪ್‌ಟಾಪ್ ಬಂದ ಮೇಲೆ ತರಗತಿಯ ಸದ್ದೇ ಅಡಗಿತು. "ಎಲ್ಲರೂ ಮನಸ್ಸಲ್ಲೇ ಓದ್ಕೊಳ್ಳಿ" ಎಂದು ಹೇಳಿ ಟೀಚರ್ ತಮ್ಮ ಮೇಜಿನ ಯಂತ್ರದ ಜೊತೆ ಗುದ್ದಾಡುತ್ತಿದ್ದರು. ಮೂವತ್ತೆರಡು ತಲೆ ಬಗ್ಗಿರುತ್ತಿದ್ದವು. ಕೀಲಿಗಳ ಟಿಕ್ ಟಿಕ್ ಬಿಟ್ಟರೆ ಉಸಿರು ಮಾತ್ರ. ಬಾವಿಗೆ ಹಗ್ಗ ಬಿಟ್ಟು ನೀರು ತಾಗದೆ ಹೋದಂತೆ ಗೆಜ್ಜೆಯ ಕಿವಿ ಆ ಮೌನದೊಳಗೆ ತಡಕಾಡುತ್ತಿತ್ತು.

ಅವಳ ಪುಣ್ಯಕ್ಕೆ ಪಕ್ಕದಲ್ಲಿ ಪಟಪಟಿ ಇದ್ದಳು. ಹೆಸರಿಗೆ ತಕ್ಕ ಹುಡುಗಿ. ಮನಸ್ಸಲ್ಲೇ ಓದು ಎಂದರೂ ತುಟಿ ಸುಮ್ಮನಿರದು, ಪಿಸಪಿಸ ನಡೆದೇ ಇರುತ್ತಿತ್ತು.

"ನನ್ನ ಕಿವೀಲಿ ನೊಣ ಕೂತ ಹಾಗೆ ಆಗುತ್ತೆ ಕಣೇ, ಬಾಯಿ ಮುಚ್ಚು," ಎಂದು ಹಿಂದಿನ ಬೆಂಚಿನವರು ಬೈಯುತ್ತಿದ್ದರು.

"ಬಿಡ್ರೇ, ಪಾಪ, ಓದ್ಕೊಳ್ಲಿ," ಎನ್ನುತ್ತಿದ್ದಳು ಗೆಜ್ಜೆ.

ಮೂರು ವಾರ ಹೀಗೇ ಸಾಗಿತು. ಒಂದು ವಿಷಯ ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಕಣ್ಣಿದ್ದವರಿಗೆಲ್ಲ ಅದು ಕಾಣುತ್ತಿತ್ತು. ಹಾಳೆಯ ಪುಸ್ತಕದಲ್ಲಿ ನಲವತ್ತೆರಡನೇ ಪುಟ ಎಂದರೆ ಎಲ್ಲರಿಗೂ ಅದೇ ಪುಟ. ಈ ಯಂತ್ರ ಹಾಗಲ್ಲ. ಅದು ಒಬ್ಬೊಬ್ಬರಿಗೆ ಒಂದೊಂದು ಪಾಠ ಕೊಡುತ್ತಿತ್ತು.

ನಾಲ್ಕನೇ ವಾರದ ಮೊದಲ ದಿನ ಟೀಚರ್ ತಲೆಯೆತ್ತಿ ನಿಟ್ಟುಸಿರಿಟ್ಟರು. "ನಿಮ್ಮ ದನಿ ಕೇಳಿ ಎಷ್ಟು ದಿನ ಆಯ್ತೋ. ಗೆಜ್ಜೆ, ನಿನ್ನ ಪರದೇಲಿ ಇರೋದನ್ನ ಓದಮ್ಮ, ಕಿವಿ ತಂಪಾಗ್ಲಿ."

ಗೆಜ್ಜೆ ಎದ್ದಳು. ಪರದೆಯ ಮೇಲೆ ಕಣ್ಣಿಟ್ಟಳು. ಪಟಪಟಿಯ ತುಟಿಯಿಂದ ಹೆಕ್ಕಿಕೊಂಡದ್ದನ್ನು ಮನಸ್ಸಿನಲ್ಲಿ ಜೋಡಿಸಿ ಹೇಳತೊಡಗಿದಳು:

"ಹೊಳೆಯ ಮೇಲೆ ಬಿದ್ದ ಬೆಳಕು
ಹಿಡಿಯ ಹೋದರೆ ಸಿಗದು ಕೈಗೆ;
ಬೊಗಸೆ ಒಡ್ಡಿ ಸುಮ್ಮನಿದ್ದರೆ
ತಾನೆ ಬಂದು ಕೂರುವುದು..."

"ಟೀಚರ್, ಅದು ನಂದು," ಎಂದಳು ಪಟಪಟಿ. "ನಂಗೆ ಪದ್ಯ ಬಂದಿರೋದು, ಇವಳಿಗೆ ಬೇರೇನೋ ಇದೆ ನೋಡಿ."

ಗೆಜ್ಜೆಯ ದನಿ ಅರ್ಧ ಸಾಲಿನಲ್ಲಿ ನಿಂತಿತು. ಟೀಚರ್ ಮೇಜಿನಿಂದ ಎದ್ದು ಬರುವ ಚಪ್ಪಲಿಯ ಸಪ್ಪಳ ಕೇಳಿಸಿತು. ಒಂದನೇ ಬೆಂಚು, ಎರಡನೇ ಬೆಂಚು, ಮೂರನೆಯದು. ಕುತ್ತಿಗೆಯ ಹಿಂದೆ ಅವರ ಉಸಿರು. ಪರದೆಯ ಮೇಲೆ ಇದ್ದದ್ದು ಪದ್ಯವಲ್ಲ. ಸಮುದ್ರದ ನೀರಿನಿಂದ ಉಪ್ಪು ಹೇಗೆ ತಯಾರಾಗುತ್ತದೆ ಎಂಬ ಗದ್ಯ. ಸಾಲುಗಳು ಅಂಚಿನಿಂದ ಅಂಚಿಗೆ ತುಂಬಿದ್ದವು. ಪದ್ಯಕ್ಕೂ ಗದ್ಯಕ್ಕೂ ನೋಟದಲ್ಲೇ ವ್ಯತ್ಯಾಸವಿದೆ ಎಂದು ಗೆಜ್ಜೆಗೆ ಎಂದೂ ಹೊಳೆದಿರಲಿಲ್ಲ.

ದೇವರೇ, ಈಗ ಕರೆಂಟು ಹೋಗಲಿ ಎಂದು ಬೇಡಿಕೊಂಡಳು. ಹೋಗಲಿಲ್ಲ. ಹೋದರೂ ಪರದೆ ಆರುತ್ತಿರಲಿಲ್ಲ.

"ಪಕ್ಕದವಳ ಪದ್ಯ ಇಷ್ಟ ಆಯ್ತೇನೋ," ಎಂದರು ಟೀಚರ್, ಎಲ್ಲರಿಗೂ ಕೇಳುವಂತೆ. ಮಕ್ಕಳು ನಕ್ಕರು. ಆದರೆ ಗೆಜ್ಜೆಯ ಹೆಗಲ ಮೇಲಿಟ್ಟ ಅವರ ಕೈ ಭಾರವಾಗಿತ್ತು. "ಕೂತ್ಕೋ. ಬೆಲ್ ಆದ ಮೇಲೆ ಇರು."

ಬೆಲ್ ಆಯಿತು. ಕೋಣೆ ಖಾಲಿಯಾಯಿತು. ಟೀಚರ್ ಪರದೆಯ ಮೇಲೆ ಒಂದು ಪದಕ್ಕೆ ಬೆರಳಿಟ್ಟರು. "ಇದೇನು?"

ಗೆಜ್ಜೆ ನೋಡಿದಳು. "ಹೊಳೆ," ಎಂದಳು.

"ಇದು?"

ಗೆಜ್ಜೆ ಪರದೆಯಿಂದ ಕಣ್ಣು ತೆಗೆದು ನೆಲ ನೋಡಿದಳು.

ಟೀಚರ್ ತಮ್ಮ ಯಂತ್ರ ತೆರೆದು ಮಕ್ಕಳ ಉತ್ತರಗಳ ಪಟ್ಟಿಯನ್ನು ಕೆಳಗೆ ಕೆಳಗೆ ಸರಿಸಿದರು. ಗೆಜ್ಜೆಯ ಸಾಲಿನ ತುಂಬ ತಪ್ಪು ಉತ್ತರದ ಕೆಂಪು ಚುಕ್ಕೆಗಳಿದ್ದವು, ಮೂರು ವಾರದ್ದು. ಆ ಪಟ್ಟಿಯನ್ನು ಅವರು ಅಂದೇ ಮೊದಲ ಸಲ ತೆರೆದದ್ದೆಂದು ಅವರ ಮುಖವೇ ಹೇಳುತ್ತಿತ್ತು. ಕುರ್ಚಿಯಲ್ಲಿ ಕುಸಿದರು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಂದು ಹಾಳೆಗೆ ನಾಲ್ಕು ಸಾಲು ಬರೆದು ಮಡಿಸಿದರು.

"ಅಮ್ಮನ ಕೈಗೇ ಕೊಡಬೇಕು. ಇವತ್ತೇ."

ಗೆಜ್ಜೆಯ ಅಮ್ಮ ಆಸ್ಪತ್ರೆಯ ಹಿಂದಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಲ್ಲಿಯವರೆಗಿನ ದಾರಿಯುದ್ದಕ್ಕೂ ಚೀಟಿ ಅಂಗೈಯಲ್ಲಿ ಒದ್ದೆಯಾಯಿತು. ಎರಡು ಸಲ ಬಿಡಿಸಿ ನೋಡಿದಳು. ನಾಲ್ಕು ಸಾಲು ಇರುವೆಗಳು. ತನ್ನ ಹಣೆಬರಹ ತನ್ನ ಕೈಯಲ್ಲೇ ಇದೆ, ಏನಿದೆಯೋ ತನಗೇ ತಿಳಿಯದು.

ಲಾಂಡ್ರಿಯೊಳಗೆ ಹಬೆ ತುಂಬಿತ್ತು. ಬಿಳಿಯ ಹೊದಿಕೆಗಳ ರಾಶಿಯ ನಡುವೆ ಅಮ್ಮನ ತಲೆ ಮಾತ್ರ ಕಾಣುತ್ತಿತ್ತು.

"ಏನೇ ಇಲ್ಲಿಗೇ ಬಂದೆ? ಏನದು ಕೈಯಲ್ಲಿ?"

"ಟೀಚರ್ ಕೊಟ್ಟಿದ್ದಾರೆ."

"ಮತ್ತೆ ಬಹುಮಾನಾನಾ? ನಂಗೆ ಕೈ ಬಿಡುವಿಲ್ಲ, ನೀನೇ ಓದು," ಎಂದಳು ಅಮ್ಮ. ಪಕ್ಕದ ಮೇಜಿನವಳಿಗೆ ಕಣ್ಣು ಮಿಟುಕಿಸಿದಳು. "ಕೇಳಿ ಅಕ್ಕಾ, ನಮ್ಮ ಹುಡುಗಿ ಓದಿದ್ರೆ ರೇಡಿಯೋ ಕೇಳಿದ ಹಾಗಿರುತ್ತೆ."

ಗೆಜ್ಜೆ ಚೀಟಿ ಬಿಡಿಸಿದಳು. ದನಿ ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತು. 'ನಿಮ್ಮ ಮಗಳು ಈ ಬಾರಿಯೂ ಚೆನ್ನಾಗಿ ಓದಿದ್ದಾಳೆ' ಎಂಬ ಸಾಲು ತಾನಾಗಿ ಕಟ್ಟಿಕೊಂಡಿತು. ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು, ಎಲ್ಲ ಗೊತ್ತಿತ್ತು. ಹೇಳಿಬಿಟ್ಟರೆ ಇಂದಿನ ಸಂಜೆ ದಾಟುತ್ತದೆ. ನಾಳೆ?

"ಅಮ್ಮಾ, ಓದೋಕೆ ಆಗ್ತಿಲ್ಲ."

"ಟೀಚರ್ ಅಕ್ಷರ ಅಷ್ಟು ಗಲೀಜಾ?"

"ಅಕ್ಷರ ಚೆನ್ನಾಗೇ ಇರಬಹುದು. ನಂಗೆ ಓದೋಕೆ ಬರಲ್ಲ. ಯಾವತ್ತೂ ಬಂದಿಲ್ಲ."

ಅಮ್ಮ ನಕ್ಕಳು. ಆಮೇಲೆ ಮಗಳ ಮುಖ ನೋಡಿದಳು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಕೈ ಒರೆಸಿಕೊಂಡು, ಚೀಟಿ ತೆಗೆದುಕೊಂಡಳು. ಅವಳ ಓದೂ ನಿಧಾನದ್ದು. ಒಂದೊಂದೇ ಪದ ಬಿಡಿಸಿ ಓದಿದಳು.

"ಈ ಮಗುವಿಗೆ ಓದಲು ಬರುವುದಿಲ್ಲ. ಇಷ್ಟು ವರ್ಷ ನಾನು ಕಿವಿಯಿಂದ ಪಾಠ ಒಪ್ಪಿಸಿಕೊಂಡೆ, ಕಣ್ಣಿಟ್ಟು ನೋಡಲಿಲ್ಲ. ತಪ್ಪು ನನ್ನದು. ನಾಳೆ ಬನ್ನಿ."

ಪಕ್ಕದ ಮೇಜಿನವಳು ತಲೆ ತಗ್ಗಿಸಿ ಬಟ್ಟೆ ಮಡಿಸತೊಡಗಿದಳು.

"ಮೂರನೇ ಕ್ಲಾಸಲ್ಲಿ ಕೂರಿಸ್ತಾರಾ ಅಮ್ಮಾ?"

"ಗೊತ್ತಿಲ್ಲ ಕಣೇ."

"ನೀನು ಬೇಡ ಅಂತೀಯಾ?"

ಮಡಿಸಿದ ಹೊದಿಕೆಗಳನ್ನು ಪಕ್ಕಕ್ಕೆ ತಳ್ಳಿ ಅಮ್ಮ ಮೇಜಿನ ಮೇಲೆ ಜಾಗ ಮಾಡಿದಳು. ಚೀಟಿಯನ್ನು ಹರವಿ, ಸುಕ್ಕುಗಳನ್ನು ಅಂಗೈಯಿಂದ ತೀಡಿದಳು.

"ಬಾ ಇಲ್ಲಿ. ಇದರಲ್ಲಿ ನಿಂಗೆ ಯಾವುದು ಗೊತ್ತೋ ಅದರ ಮೇಲೆ ಬೆರಳಿಡು. ಒಂದಾದ್ರೂ ಇರುತ್ತಲ್ಲ."

ಗೆಜ್ಜೆ ಬೆರಳು ಚಾಚಿದಳು. ಬೆರಳು ಹಾಳೆಯ ಮೇಲೆ ಬಹಳ ಹೊತ್ತು ಅಲೆದಾಡಿತು, ಎಲ್ಲಿಯೂ ಇಳಿಯಲು ಧೈರ್ಯ ಸಾಲದೆ. ಅಮ್ಮ ಕಾದಳು.