ರಫೂ ಕರೀಂ ಸಾಹೇಬರ ಎಡಗಣ್ಣು

ಶಿವಾಜಿನಗರದ ಕರೀಂ ಸಾಹೇಬರು ಬಂದವರ ಮುಖಕ್ಕಿಂತ ಮೊದಲು ಮೊಣಕೈ ನೋಡುತ್ತಿದ್ದರು. ಕೋಟು ಸವೆಯುವುದು ಅಲ್ಲಿಂದಲೇ ಎಂಬುದು ನಲವತ್ತು ವರ್ಷ ರಫೂ ಮಾಡಿದವರಿಗೆ ಗೊತ್ತು. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಉಸಿರು ಬಿಗಿಹಿಡಿದು, ತೂತಿದ್ದಲ್ಲಿ ನೇಯ್ಗೆಯನ್ನೇ ಮರುಸೃಷ್ಟಿಸುತ್ತಿದ್ದ ಆ ಸಪೂರ ಮನುಷ್ಯ, ಕೆಲಸ ಮುಗಿದೊಡನೆ ಮಡಿಸಿ ಕೊಟ್ಟು ಮುಖ ತಿರುಗಿಸಿಬಿಡುತ್ತಿದ್ದರು. ರಫೂ ಆದ ಜಾಗವನ್ನು ಮತ್ತೆ ಹುಡುಕಿ ನೋಡುವುದು ಮಾಡಿದವನಿಗೆ ಅವಮಾನ. ಅದು ಅವರ ಕಸುಬಿನ ಮರ್ಯಾದೆ. ಇಂದಿರಾನಗರದ ಹೆಂಗಸೊಬ್ಬರು ರೇಷ್ಮೆ ಸೀರೆಯನ್ನು ಅವರೆದುರೇ ಬೆಳಕಿಗೆ ಹಿಡಿದಾಗ, "ಇನ್ಮೇಲೆ ಬೇರೆ ಕಡೆ ಕೊಡಿ ಅಮ್ಮ" ಎಂದು ಮೆಲ್ಲಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವರು ರಫೂ ಮಾಡಿಕೊಟ್ಟ ನನ್ನ ಶಾಲನ್ನು ಮಾತ್ರ ಮನೆಗೆ ಬಂದು ಕದ್ದು ನೋಡಿದೆ. ತೂತು ಸಿಗಲಿಲ್ಲ.

ಅಂಥವರ ಎಡಗಣ್ಣಿನೊಳಗೆ ಉರಿಯೂತ ಹತ್ತಿ, ಎಳೆಗಳೆಲ್ಲ ಹೊಗೆಯಲ್ಲಿ ಮುಳುಗಿದಂತಾದವು. ಬಲಗಣ್ಣು ಮೊದಲೇ ಮಂದ. ಅನ್ನವಿದ್ದದ್ದು ಈ ಒಂದರಲ್ಲಿ. ಧಾರವಾಡ ಕಡೆಯ ಡಾಕ್ಟರ್ ಅಂಜಲಿ ಅಕ್ಕಿನುಚ್ಚಿಗಿಂತ ಸಣ್ಣದಾದ ಔಷಧದ ಕಡ್ಡಿಯೊಂದನ್ನು ಕಣ್ಣೊಳಗೆ ಕೂರಿಸಿದರು. ಎರಡು ಮೂರು ವರ್ಷ ಅದು ಒಳಗೇ ಇದ್ದು ಚೂರುಚೂರೇ ಔಷಧ ಬಿಡುತ್ತದೆ, ಪದೇಪದೇ ಇಂಜೆಕ್ಷನ್ನಿನ ಕಾಟವಿಲ್ಲ. ಆದರೆ ಕಣ್ಣಿನ ಒತ್ತಡ ಏರಬಹುದು, ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಮೂರು ವಾರದಲ್ಲಿ ಹೊಗೆ ಕರಗಿತು. ಸಾಹೇಬರು ಸೂಜಿ ಹಿಡಿದರು. ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ಮಗಳು ಲೈಬಾ ಕೇಳಿದಾಗಲೆಲ್ಲ "ಚೆನ್ನಾಗಿದೆ" ಎನ್ನುತ್ತಿದ್ದರು. ಸುಳ್ಳಲ್ಲ, ಒತ್ತಡ ನೋವು ಕೊಡದೆಯೇ ಏರುತ್ತದೆ. ಎಂಟನೆಯ ತಿಂಗಳು ಅಪ್ಪ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದನ್ನು ಕಂಡು ಅವಳೇ ಎಳೆದುಕೊಂಡು ಹೋದಳು. ಏರಿದ ಒತ್ತಡಕ್ಕೆ ಎಡಗಣ್ಣಿನ ಅಂಚಿನ ನೋಟ ಹೋಗಿತ್ತು, ಮರಳುವಂತಿರಲಿಲ್ಲ. ಉಳಿದದ್ದನ್ನು ಚಿಕಿತ್ಸೆಯಿಂದ ಕಾಪಾಡಿಕೊಳ್ಳಬಹುದಷ್ಟೇ.

"ಯಾಕ ಬರಲಿಲ್ಲರಿ ಚಾಚಾ?" ಎಂದು ಡಾಕ್ಟರ್ ಕೇಳಿದರಂತೆ.

"ಇಷ್ಟು ಚೆನ್ನಾಗಿ ಮಾಡಿದ್ರಿ ಮೇಡಂ. ಮತ್ತೆ ಬಂದು ತೋರ್ಸಿದ್ರೆ ನಿಮ್ಮ ಕೈ ಮೇಲೆ ಅನುಮಾನ ಪಟ್ಟಂಗಾಗತ್ತೆ ಅಂದ್ಕೊಂಡೆ."

ಅಂಜಲಿ "ನಮ್ಮ ಕೆಲಸ ಹಂಗಿಲ್ರಿ. ನೋಡ್ಕೋತನ ಇರಬೇಕಾಗ್ತದ" ಎಂದರು.

ಲೈಬಾ ಇದನ್ನು ಹೇಳುವಾಗ ಅತ್ತಳು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ತಮ್ಮ ಕಸುಬಿನ ಧರ್ಮದಿಂದಲೇ ಲೋಕವನ್ನೆಲ್ಲ ಅಳೆಯುವ ಜನ ಇವರು; ಇನ್ನೊಬ್ಬರ ಕೈಗೆಲಸವನ್ನೂ ತಮ್ಮದರಷ್ಟೇ ಪರಿಪೂರ್ಣವೆಂದು ನಂಬುತ್ತಾರೆ, ಆ ನಂಬಿಕೆಯನ್ನು ನಾವು ಸಜ್ಜನಿಕೆ ಎಂದು ಹೊಗಳಿ ಸುಮ್ಮನಾಗುತ್ತೇವೆ. ಮತ್ತೊಮ್ಮೆ ನೋಡಿ ಎಂದು ಕೇಳುವುದರಲ್ಲೂ ಗೌರವವಿದೆ ಎಂಬುದನ್ನು ಅವರು ಕಲಿಯುವುದು ನೋಟ ಕಳೆದುಕೊಂಡ ಮೇಲೆ.